ಕಂದೀಲು ಇಳಿಸದ ಗೌಂಡಿ

ರಾಯಬಾಗದ ಸುತ್ತಮುತ್ತ ಅವರನ್ನು 'ಕಂದೀಲ ಗೌಂಡಿ' ಎಂದು ಕರೆಯುತ್ತಿದ್ದರು. ಸಂಡಾಸಿನ ಗುಂಡಿಯೊಳಗೆ ಉರಿಯುವ ಕಂದೀಲು ಇಳಿಸಿ ಕೈಸುಟ್ಟುಕೊಂಡವನು ಎಂಬುದು ಅದರ ಅರ್ಥ. ಆ ಹೆಸರು ಅವರಿಗೆ ಅಂಟಿಕೊಂಡದ್ದು ಏಳು ವರ್ಷದ ಹಿಂದೆ, ನಮ್ಮ ಮನೆಯ ಹಿತ್ತಲಿನಲ್ಲಿ. ಕಂದೀಲು ಇಳಿಸಿದವರು ಅವರಲ್ಲ.

ಅವರು ತೀರಿಕೊಂಡು ಮೂರು ತಿಂಗಳಾಯಿತು. ಮಣ್ಣಿನ ದಿನ ಅವರ ಮನೆಯ ಮುಂದೆ ನಿಂತಿದ್ದಾಗ ನನ್ನ ಬೆನ್ನ ಹಿಂದೆ ಇಬ್ಬರು ಮಾತಾಡಿಕೊಳ್ಳುತ್ತಿದ್ದರು. "ಕೈಯಾಗ ಕಸಬು ಚಲೋ ಇತ್ತ ಬಿಡೋ. ಆದರ ಅದೊಂದ ಹುಚ್ಚ ಕೆಲಸ ಮಾಡಿ ಕೆಟ್ಟ." ನಾನು ತಿರುಗಿ ನೋಡಲಿಲ್ಲ. ತಿರುಗಿದ್ದರೆ ಬಾಯಿ ಬಿಡಬೇಕಾಗುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರ ಎನ್ನುತ್ತಾರೆ. ಅವರೂ ಹಾಗೆಯೇ ಕರೆಯುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಸಣಕಲು ಮೈ, ತಲೆಗೆ ಬಿಳಿ ಟೊಪ್ಪಿಗೆ, ಕಿವಿಗೆ ಸಿಕ್ಕಿಸಿದ ಪೆನ್ಸಿಲು. ಮೊದಲು ಎಲ್ಲರಂತೆ ಮನೆ ಕಟ್ಟುವ ಗೌಂಡಿಯಾಗಿದ್ದವರು ನಡುವಯಸ್ಸಿನಲ್ಲಿ ಬರೀ ಸಂಡಾಸಿನ ಕೆಲಸಕ್ಕೆ ತಿರುಗಿದರು. ಓರಗೆಯ ಗೌಂಡಿಗಳು ನಗುತ್ತಿದ್ದರಂತೆ.

"ಏನ್ಲೇ, ಬಂಗಲೆ ಕಟ್ಟೂದ ಬಿಟ್ಟ ಇದನ್ಯಾಕ ಹಿಡದಿ?"

"ಬಂಗಲೆ ಸೋರಿದ್ರ ಬಕೀಟ ಇಡ್ತಾರ. ಇದು ಸೋರಿದ್ರ ಊರ ಬಿಡ್ತಾರ. ಅದಕ್ಕ ತಿಳದಾಂವ ಮಾಡ್ಬೇಕಿದನ್ನ," ಎನ್ನುತ್ತಿದ್ದರು.

ನಮ್ಮ ಮನೆಯ ಸಂಡಾಸು ಕಟ್ಟಿದವರು ಅವರೇ. ನಾನು ಮದುವೆಯಾಗಿ ಬಂದ ವರ್ಷ ಅದು. ಕೆಲಸ ಮುಗಿದ ದಿನ ನಡೆದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಾವ ತೆಂಗಿನಕಾಯಿ ಹಿಡಿದು ನಿಂತಿದ್ದರು. ಕಾಕಾ "ತಡೀರಿ, ಇನ್ನೂ ಪರೀಕ್ಷಾ ಆಗಿಲ್ಲ" ಎಂದು ದನದ ತೌಡು ತರಿಸಿದರು, ನೀರು ಹಾಕಿ ಕಲಸಿ ನಾಲ್ಕು ಉಂಡೆ ಮಾಡಿ ಪ್ಯಾನಿನಲ್ಲಿ ಇಟ್ಟರು. ಒಂದು ತಂಬಿಗೆ ನೀರು ತುಂಬಿ ನನ್ನ ಅತ್ತೆಯ ಕೈಗೆ ಕೊಟ್ಟರು.

"ಹಾಕ್ರಿ ಬಾಯಾರ."

ಮಾವ ಕೈ ಚಾಚಿದರು. "ತಾ ಇಲ್ಲಿ, ನಾ ಹಾಕ್ತೇನಿ."

"ನಿಮ್ಮ ಕೈ ಬ್ಯಾಡ್ರಿ ಗೌಡ್ರ. ಮನಿಗೆ ನೀರ ಹೊರಾವ್ರು ಯಾರೋ, ಅವ್ರ ಹಾಕ್ಬೇಕು. ಅವ್ರ ಕೈಯಾಗ ಒಂದ ತಂಬಗಿಗೆ ಹೋದ್ರ ಕೆಲಸ ಆತು. ಎಲ್ಡು ಬೇಕಾತು ಅಂದ್ರ ಕಿತ್ತ ಮತ್ತ ಕೂಡಸ್ತೇನಿ."

ಅತ್ತೆ ನಾಚಿಕೊಂಡು ಸೆರಗು ಹಲ್ಲಿನಲ್ಲಿ ಕಚ್ಚಿ ನೀರು ಸುರಿದರು. ಮೂರು ಉಂಡೆ ಹೋದವು, ಒಂದು ಉಳಿಯಿತು. ನಾವೆಲ್ಲ "ಆತಲ್ಲ, ಇರ್ಲಿ ಬಿಡ್ರಿ" ಎಂದೆವು. ಕಾಕಾ ಒಪ್ಪಲಿಲ್ಲ. ಮರುದಿನ ಬಂದು ಹಸಿ ಸಿಮೆಂಟು ಒಡೆದು, ಪ್ಯಾನನ್ನು ಎತ್ತಿ, ಬೆರಳಗಲ ಇಳಿಜಾರು ಹೆಚ್ಚಿಸಿ ಕೂಡಿಸಿದರು. ಎರಡನೆಯ ಸಲ ನಾಲ್ಕೂ ಉಂಡೆ ಹೋದವು. ಆಗ ಅವರು ಮೊಣಕಾಲೂರಿ, ಪ್ಯಾನಿನ ಬಾಯಿಗೆ ಕಿವಿ ಹತ್ತಿರ ತಂದು ಕೇಳಿಸಿಕೊಂಡರು. ಅತ್ತೆ "ಅಯ್ಯ ಶಿವನ!" ಎಂದು ಮುಖ ತಿರುಗಿಸಿದರು.

"ಕೇಳ್ರಿ. ಕದಾ ಹಾಕ್ಕೊಂತು," ಎಂದರು ಕಾಕಾ.

ಕದ ಎಂದರೆ ಪ್ಯಾನಿನ ಕೆಳಗಿನ ಡೊಂಕು ಪೈಪಿನಲ್ಲಿ ಯಾವಾಗಲೂ ನಿಂತಿರುವ ಅಂಗೈಯಷ್ಟು ನೀರು. ಹೊಲಸು ಅದನ್ನು ದಾಟಿ ಹೋಗುತ್ತದೆ, ವಾಸನೆ ಅದನ್ನು ದಾಟಿ ಬರುವುದಿಲ್ಲ. ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿದೆ. ಕಾಕಾನಿಗೆ ಅದು ನೀರಿನ ಕದ. ಸಂಡಾಸು ಮನೆಯೊಳಗೆ ಬರಲು ಸಾಧ್ಯವಾದದ್ದು ಅಷ್ಟು ನೀರಿನಿಂದ, ಮಿಕ್ಕದ್ದೆಲ್ಲ ಹಂಚು, ಬಣ್ಣ, ಮೆರವಣಿಗೆ ಎನ್ನುತ್ತಿದ್ದರು.

ಒಂದೊಂದು ಊರಿಗೆ ಒಂದೊಂದು ಲೆಕ್ಕ ಅವರಿಗೆ. ಅಥಣಿಯ ಒಣ ಹಳ್ಳಿಗಳಲ್ಲಿ ಪ್ಯಾನು ಕಡಿದಾಗಿರಬೇಕು, ಏಕೆಂದರೆ ತಂಬಿಗೆ ನೀರೂ ಹೆಚ್ಚು. ಯಡೂರಿನಂಥ ಹೊಳೆದಂಡೆಯ ಊರಿನಲ್ಲಿ ಗುಂಡಿಯನ್ನು ನೆಲದ ಮೇಲೆ ಎತ್ತರಿಸಿ ಕಟ್ಟಬೇಕು, ಇಲ್ಲದಿದ್ದರೆ ಕೃಷ್ಣೆ ತುಂಬಿದಾಗ ಒಳಗಿನದೆಲ್ಲ ತಿರುಗಿ ಪ್ಯಾನಿನಲ್ಲೇ ಎದ್ದುಬರುತ್ತದೆ. "ಅಥಣ್ಯಾಗ ನೀರ ಎಲ್ಲೈತಿ ಅಂತ ನಾವ ಹುಡಕಬೇಕು. ಯಡೂರಾಗ ನಾವ ಎಲ್ಲದೀವಿ ಅಂತ ನೀರ ಹುಡಕ್ಕೊಂತ ಬರ್ತೈತಿ," ಎನ್ನುವುದು ಅವರ ಮಾತು.

ಎಲ್ಲ ಊರಿಗೂ ಒಂದೇ ಲೆಕ್ಕವೆಂದರೆ ಗಾಳಿ ಪೈಪು. ಗುಂಡಿಯ ಗಾಳಿ ಹೊರಹೋಗಲೆಂದು ಮಾಳಿಗೆಯನ್ನೂ ದಾಟಿ ನಿಲ್ಲುವ ಉದ್ದನೆಯ ಪೈಪು. ಅದರ ವಿಷಯದಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ. ನಮ್ಮ ಅತ್ತೆಗೆ ಅದು ಕಣ್ಣಿಗೆ ಚುಚ್ಚುತ್ತಿತ್ತು. ದೇವರ ಮನೆಯ ಕಿಟಕಿಯಿಂದ ನೇರ ಅದೇ ಕಾಣುತ್ತಿತ್ತು. ಕಾಕಾ ಹೋದ ಮೇಲೆ ಮಾವ ಅದನ್ನು ಆಳೆತ್ತರಕ್ಕೆ ಕತ್ತರಿಸಿದರು. ಸೊಳ್ಳೆ ಬರುತ್ತವೆಂದು ತುದಿಗೆ ಮುಚ್ಚಳ ಹಾಕಿ ಬಿಗಿದರು. ನಾನು ನೋಡಿದೆ. ಹೊಸದಾಗಿ ಬಂದ ಸೊಸೆ, ಏನೂ ಅನ್ನಲಿಲ್ಲ.

ಕಾಕಾನ ಅಂಗಳಕ್ಕೆ ಮೊದಲ ಸಲ ಹೋದಾಗ ನಗು ತಡೆಯಲಾಗಲಿಲ್ಲ. ಬೇಲಿಯುದ್ದಕ್ಕೂ ಹಳೆಯ ಪ್ಯಾನುಗಳನ್ನು ಬೋರಲು ಹಾಕಿದ್ದರು. ಒಂದರ ಕೆಳಗೆ ಕೋಳಿ ಕಾವು ಕೂತಿತ್ತು. ಗೋಡೆಯ ಮೇಲೆ, ಎತ್ತರದಲ್ಲಿ, ಎರಕದ ಕಬ್ಬಿಣದ ದೊಡ್ಡ ತೊಟ್ಟಿಯೊಂದನ್ನು ಕೂಡಿಸಿ ಸರಪಳಿ ಇಳಿಬಿಟ್ಟಿದ್ದರು. ನಿಪ್ಪಾಣಿಯಲ್ಲಿ ತಂಬಾಕಿನ ವ್ಯಾಪಾರಿಯೊಬ್ಬರ ವಾಡೆ ಕೆಡವುವಾಗ ಗುಜರಿಗೆ ಹೊರಟಿದ್ದ ತೊಟ್ಟಿ ಅದು. ಸರಪಳಿ ಎಳೆದರೆ ಸಿಂಹ ಕೆಮ್ಮಿದ ಹಾಗೆ ಸದ್ದು ಮಾಡಿ ನೀರೆಲ್ಲ ಒಮ್ಮೆಲೆ ಧುಮುಕುತ್ತಿತ್ತು, ಕೆಳಗಿದ್ದ ಚೆಂಡುಹೂವಿನ ಗಿಡಗಳಿಗೆ.

ಆ ವರ್ಷ ನಮ್ಮ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುತ್ತೇನೆಂದಾಗ ಹೆಡ್ ಮಾಸ್ತರರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಬ್ಯಾರೆ ಸಾಲ್ಯಾವ್ರು ಹುಡುಗೂರಿಗೆ ಕ್ವಾಟಿ ತೋರಸ್ತಾರ, ಡ್ಯಾಮ ತೋರಸ್ತಾರ. ನೀವು ಸಂಡಾಸ ತೋರಸ್ತೀರೇನ್ರಿ ಅಕ್ಕೋರ?" ಕೊನೆಗೆ ಅವರೂ ಬಂದರು. ಸರಪಳಿಯನ್ನು ಎಲ್ಲರಿಗಿಂತ ಹೆಚ್ಚು ಸಲ ಎಳೆದವರು ಅವರೇ. ತೊಟ್ಟಿಯ ನೀರು ಒಂದು ಸಲ ಇಳಿಯಲು ಶುರುವಾದರೆ ಪೂರ್ತಿ ಖಾಲಿಯಾಗುವವರೆಗೆ ನಿಲ್ಲುವುದಿಲ್ಲ ಯಾಕೆ ಎಂದು ಕಾಕಾ ಒಂದು ಗೇಣು ರಬ್ಬರ್ ನಳಿಕೆ ಹಿಡಿದು ತೋರಿಸಿದರು. ನಾನು ಮೂರು ತಾಸು ಬೋರ್ಡಿನ ಮೇಲೆ ಬರೆದದ್ದು ಮಕ್ಕಳ ತಲೆಗೆ ಹೋಗಿದ್ದು ಆಗ.

ಎಲ್ಲೋ ಓದಿದ್ದನ್ನು ಒಮ್ಮೆ ಅವರಿಗೆ ಹೇಳಿದೆ. ಇಂಗ್ಲೆಂಡಿನ ರಾಣಿಯೊಬ್ಬಳಿಗೆ ಅವಳ ಆಪ್ತನೊಬ್ಬ ನೀರು ಬಿಡುವ ಸಂಡಾಸು ಮಾಡಿಕೊಟ್ಟಿದ್ದ. ಆದರೆ ವಾಸನೆ ತಡೆಯುವ ದಾರಿ ಅವನಿಗೆ ಹೊಳೆದಿರಲಿಲ್ಲ, ಹಾಗಾಗಿ ಅದು ಊರಿಗೆ ಹರಡಲಿಲ್ಲ. ಹೆಚ್ಚುಕಡಿಮೆ ಇನ್ನೂರು ವರ್ಷದ ಮೇಲೆ ಗಡಿಯಾರ ಮಾಡುವವನೊಬ್ಬ ಪೈಪನ್ನು ಡೊಂಕು ಮಾಡಿದ.

ಕಾಕಾ ಬೀಡಿ ಹಚ್ಚುವುದನ್ನು ಮರೆತು ಕೇಳಿದರು. "ಇನ್ನೂರ ವರ್ಷ! ಒಂದ ಡೊಂಕಿಗೆ! ನಮ್ಮ ಎತ್ತ ಉಚ್ಚಿ ಹೊಯ್ಕೊಂತ ಹೋಗೂದ ನೋಡಿದ್ರೂ ಡೊಂಕ ಹೊಳೀತಿತ್ತಲ್ರಿ." ಆಮೇಲೆ ಬೀಡಿ ಹಚ್ಚಿಕೊಂಡು, "ಗಡಿಯಾರದಾಂವ ಅಂದ್ರಿ? ಹೌದ ಮತ್ತ. ಸಣ್ಣ ಕೆಲಸಕ್ಕ ಕಣ್ಣ ಕೂಡಸಿದಾಂವಗ ಹೊಳೀಬೇಕ ಅದು," ಎಂದರು. ಆ ಗಡಿಯಾರದವನ ಮೇಲೆ ಅವರಿಗೆ ಅಕ್ಕರೆ ಹುಟ್ಟಿತು. ಆಮೇಲೆ ಎಷ್ಟೋ ಸಲ ಅವನ ಸುದ್ದಿ ಕೇಳಿದರು: ಮದುವೆಯಾಗಿತ್ತೇ, ಮಕ್ಕಳಿದ್ದರೇ, ಜನ ಅವನನ್ನು ನೋಡಿ ನಕ್ಕರೇ. ನನಗೆ ಯಾವುದೂ ಗೊತ್ತಿರಲಿಲ್ಲ.

ನಿಪ್ಪಾಣಿಯ ಮಾತು ಅವರು ಆಡಿದ್ದು ಒಂದೇ ಸಲ. ಹುಟ್ಟಿ ಬೆಳೆದದ್ದು ಅಲ್ಲಿ. ದೊಡ್ಡ ವಾಡೆಗಳ ಹಿಂದೆ ಒಂದು ಸಣ್ಣ ಓಣಿ ಇತ್ತಂತೆ. ಗೋಡೆಯ ಬುಡದಲ್ಲಿ ಸಾಲಾಗಿ ಪುಟ್ಟ ತಗಡಿನ ಬಾಗಿಲುಗಳು. ಬೆಕ್ಕುಗಳಿಗಾಗಿ ಮಾಡಿದ ಬಾಗಿಲು ಎಂದು ಇವರು ತಿಳಿದಿದ್ದರು. ಒಂದು ಬೆಳಿಗ್ಗೆ ಶಾಲೆಯ ಗೆಳೆಯರ ಜೊತೆ ಆ ದಾರಿಯಲ್ಲಿ ಹೋಗುವಾಗ ಹೆಂಗಸೊಬ್ಬಳು ಬಾಗಿ, ಒಂದು ಬಾಗಿಲು ತೆಗೆದು, ಒಳಗಿನ ಸಂಡಾಸಿನ ಡಬ್ಬಿ ಎಳೆಯುತ್ತಿದ್ದಳು. ಅವರ ಆಯಿ, ಎಂದರೆ ಅಜ್ಜಿ.

"ಹುಡುಗೂರು ಮೂಗ ಮುಚ್ಕೊಂಡ್ರು. ನಾ ನಿಂತ ಬಿಟ್ಟೆ. ಆಯಿ ಮಾರಿ ಎತ್ತಿ ನನ್ನ ನೋಡಿದ್ಲು. 'ನಡೀರ್ಯೋ, ಯಾರ ಹುಡುಗೂರೋ ಏನೋ, ದಾರಿಗೆ ಅಡ್ಡ ನಿಂತಾವು' ಅಂದ್ಲು. ನನ್ನ ಗುರ್ತ ಇಲ್ಲದಂಗ." ಕಾಕಾ ಪೆನ್ಸಿಲನ್ನು ಕಿವಿಯಿಂದ ತೆಗೆದು ಮತ್ತೆ ಇಟ್ಟುಕೊಂಡರು. "ಅಕಿ ಹಂಗ ಅಂದದ್ದಕ್ಕ ನಾ ಮರುದಿನಾನೂ ಸಾಲಿಗೆ ಹೋದೆ ಅಕ್ಕೋರ."

 

ಇನ್ನು ಆ ದಿನದ್ದು.

ನಮ್ಮ ಮನೆಯಲ್ಲಿ ತೊಟ್ಟಿಲು ಕಾರ್ಯಕ್ರಮ ಇತ್ತು, ನನ್ನ ನಾದಿನಿಯ ಮಗುವಿಗೆ. ಎರಡು ದಿನ ಮುಂಚೆ ಸಂಡಾಸು ಕಟ್ಟಿಕೊಂಡಿತು. ನೀರು ಹಾಕಿದರೆ ಮೇಲೇ ನಿಲ್ಲುತ್ತಿತ್ತು. ಗುಂಡಿ ಹೀರುವ ಟ್ಯಾಂಕರ್ ಚಿಕ್ಕೋಡಿಯಿಂದ ಬರಬೇಕು; ಕಬ್ಬಿನ ಹಂಗಾಮು, ಅದನ್ನೆಳೆಯುವ ಟ್ರಾಕ್ಟರ್ ಕಬ್ಬು ಸಾಗಿಸಲು ಹೋಗಿದೆ, ಎರಡು ದಿನ ಆಗುವುದಿಲ್ಲ ಎಂದರು. ನಾನು ಕಾಕಾನಿಗೆ ಫೋನು ಮಾಡಿದೆ. ಅವರು ಕಾಗವಾಡದಲ್ಲಿ ಕೆಲಸದ ಮೇಲಿದ್ದರು. "ಫರಸಿ ಸರಸಿ ದೂರ ನಿಂದರ್ರಿ. ಯಾರೂ ಬಗ್ಗಿ ನೋಡಬ್ಯಾಡ್ರಿ. ನಾ ಬಂದ ನೋಡ್ತೇನಿ," ಎಂದರು. ನಾನು ಮಾವನಿಗೆ ಹಾಗೆಯೇ ಹೇಳಿದೆ.

ಮಧ್ಯಾಹ್ನ ಶಾಲೆಯಿಂದ ಬಂದಾಗ ಗುಂಡಿಯ ಮೇಲಿನ ಫರಸಿ ಕಲ್ಲನ್ನು ಒಂದು ಮೊಳದಷ್ಟು ಮಾತ್ರ ಸರಿಸಿದ್ದರು. ಮೈದುನ ಲುಂಗಿ ಎತ್ತಿ ಕಟ್ಟಿ, ಆ ಸಂದಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ. ಒಳಗಿಳಿದು ಹೊರಪೈಪಿಗೆ ಸಿಕ್ಕಿದ ಕಲ್ಲು ತೆಗೆದರೆ ಮುಗಿಯಿತು ಎಂದು ಅವನ ಲೆಕ್ಕ. ಮಾವನ ಕೈಯಲ್ಲಿ ದನದ ಕೊಟ್ಟಿಗೆಯಿಂದ ತಂದ ಕಂದೀಲು, ಹಗ್ಗ. ನಮ್ಮ ಮನೆತನ ಬಾವಿ ಹೂಳು ತೆಗೆಯುವುದರಲ್ಲಿ ಹೆಸರಾದದ್ದು. ಹಾಳುಬಾವಿಗೆ ಮನುಷ್ಯ ಇಳಿಯುವ ಮುಂಚೆ ಕಂದೀಲು ಇಳಿಸುವುದು ಅವರ ಅಪ್ಪನ ಕಾಲದ ಪದ್ಧತಿ. ಕಂದೀಲು ಆರಿದರೆ ಕೆಟ್ಟ ಗಾಳಿ, ಯಾರೂ ಇಳಿಯಬಾರದು. ಉರಿದರೆ ಇಳಿಯಬಹುದು.

ಮಾವ ನನ್ನ ಕಡೆ ತಿರುಗಿದರು. "ಏನವಾ, ನೀ ಸೈನ್ಸ್ ಕಲ್ತಾಕಿ. ಕಂದೀಲ ಇಳಿಸಿ ನೋಡಿದ್ರ ಬರೋಬ್ಬರಿ ಆಗ್ತೈತಿಲ್ಲೋ?"

ನನ್ನನ್ನು ಆ ಮನೆಯಲ್ಲಿ ಅಷ್ಟು ಗೌರವದಿಂದ ಯಾರೂ ಏನೂ ಕೇಳಿರಲಿಲ್ಲ. "ಹೌದ್ರಿ ಮಾವ," ಎಂದೆ. "ಉರಿ ನಿಂತ್ರ ಒಳಗ ಆಮ್ಲಜನಕ ಐತಿ ಅಂತ. ಇಳಸ್ರಿ."

ಬಾವಿಯಲ್ಲಿ ಕೂಡಿಕೊಳ್ಳುವ ಗಾಳಿ ಬೆಂಕಿಯನ್ನು ಆರಿಸುತ್ತದೆ. ಸಂಡಾಸಿನ ಗುಂಡಿಯಲ್ಲಿ ಕೂಡಿಕೊಳ್ಳುವ ಅನಿಲ ಬೆಂಕಿಯನ್ನು ಹತ್ತಿಸಿಕೊಳ್ಳುತ್ತದೆ. ಎರಡನ್ನೂ ನಾನು ಅದೇ ವರ್ಷ ಎಂಟನೇ ತರಗತಿಗೆ ಕಲಿಸಿದ್ದೆ, ಬೇರೆ ಬೇರೆ ದಿನ, ಬೇರೆ ಬೇರೆ ಪಾಠದಲ್ಲಿ. ಪಕ್ಕದ ಮನೆಯ ಗೋಬರ್ ಗ್ಯಾಸಿನ ಒಲೆಯ ಮೇಲೆ ಅದೇ ಅನಿಲದಿಂದ ದಿನವೂ ಚಹಾ ಕುದಿಯುತ್ತಿತ್ತು. ನನಗೆ ಹೊಳೆಯಲಿಲ್ಲ.

ಮೈದುನ ಕಂದೀಲು ತೆಗೆದುಕೊಂಡು ಹಗ್ಗ ಬಿಡತೊಡಗಿದ. ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಸೈಕಲ್ ಬಿದ್ದ ಸದ್ದು. "ಏ! ಎತ್ತ! ಮ್ಯಾಲ ಎತ್ತಲೇ ಅದನ್ನ!" ಕಾಕಾ ಓಡಿಬರುತ್ತಿದ್ದರು. ಆ ವಯಸ್ಸಿನವರು ಹಾಗೆ ಓಡಿದ್ದನ್ನು ನಾನು ನೋಡಿಲ್ಲ. ಮೈದುನ ಗಾಬರಿಯಿಂದ ಹಗ್ಗ ಮೇಲಕ್ಕೆ ಎಳೆಯುವ ಬದಲು ಅದನ್ನು ಬಿಗಿಯಾಗಿ ಹಿಡಿದು ಕೂತ. ಕಾಕಾ ಹಿಂದಿನಿಂದ ಅವನ ಕಂಕುಳಿಗೆ ಕೈ ಹಾಕಿ ಎತ್ತಿ ಬದಿಗೆ ಎಸೆದರು. ಎಸೆದ ರಭಸಕ್ಕೆ ತಾವು ಗುಂಡಿಯ ಬಾಯಿಯ ಮೇಲೆ ಬಾಗಿದರು.

ದೊಡ್ಡ ಸದ್ದೇನೂ ಆಗಲಿಲ್ಲ. ಒದ್ದೆ ಚಾದರ ಜಾಡಿಸಿದಂಥ ಸದ್ದು. ಸಂದಿಯಿಂದ ನೀಲಿ ಬೆಂಕಿ ಎದ್ದಿತು, ಫರಸಿ ಕಲ್ಲು ಜಿಗಿದು ಕೂತಿತು, ಅಷ್ಟೇ. ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು. ಈಗಲೂ ತರಗತಿಯಲ್ಲಿ ಸ್ಪಿರಿಟ್ ದೀಪಕ್ಕೆ ಕಡ್ಡಿ ಗೀರುವಾಗ ನನ್ನ ಕೈ ನಿಲ್ಲುತ್ತದೆ. ಆ ಸಂದಿಯಲ್ಲಿ ಇಳಿಬಿಟ್ಟಿದ್ದ ಮೈದುನನ ಕಾಲುಗಳು ಕಾಣಿಸುತ್ತವೆ. ಕಾಕಾ ಸೈಕಲ್ಲಿನಲ್ಲಿ ಒಂದು ತಿರುವು ಹಿಂದಿದ್ದರೆ, ಕಬ್ಬಿನ ಟ್ರಾಕ್ಟರ್ ಒಂದು ದಾರಿಗೆ ಅಡ್ಡ ಬಂದಿದ್ದರೆ ಎಂದು ಲೆಕ್ಕ ಹಾಕುತ್ತೇನೆ. ಪ್ರತಿ ಸಲವೂ ಲೆಕ್ಕ ಅವನ ಕಾಲುಗಳಿಗೇ ಬಂದು ನಿಲ್ಲುತ್ತದೆ. ಮಕ್ಕಳು "ಅಕ್ಕೋರ, ಕಡ್ಡಿ ಆರಿತ್ರಿ" ಎನ್ನುತ್ತಾರೆ.

ಕಾಕಾನ ಬಲಗೈ ಮೊಣಕೈವರೆಗೆ, ಮುಖದ ಬಲಭಾಗ ಸುಟ್ಟಿತ್ತು. ಅತ್ತೆ ಕೊಡದಿಂದ ನೀರು ಸುರಿಯುತ್ತಲೇ ಇದ್ದರು. ಓಣಿಯ ಜನ ಬಂದು ತುಂಬಿಕೊಂಡರು.

"ಯಾವಾಂವ ಕಂದೀಲ ಇಳಿಸಿದಾಂವ? ತಲಿ ಐತೋ ಇಲ್ಲೋ ಅವಗ?"

ಮಾವ ಗೋಡೆ ಹಿಡಿದು ನಿಂತಿದ್ದರು. ನನ್ನ ಬಾಯಿ ತೆರೆದಿತ್ತು. ಮಾತು ಬಂದಿರಲಿಲ್ಲ. ಕಾಕಾ ನನ್ನ ಮುಖ ನೋಡಿದರು.

"ನಾನ ರೀ," ಎಂದರು. "ನಂದ ತಪ್ಪಾತು."

ಮಿರಜಿನ ಆಸ್ಪತ್ರೆಯಲ್ಲಿ ಮೂರು ವಾರ ಇದ್ದರು. ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ, ಬಲ ಹುಬ್ಬು ಮತ್ತೆ ಬೆಳೆಯಲಿಲ್ಲ. ನಾನು ನೋಡಲು ಹೋದಾಗ ಬೇರೆ ರೋಗಿಗಳು ಕೇಳಿಸಿಕೊಳ್ಳದಂತೆ ಕೇಳಿದೆ: "ಯಾಕ ಹಂಗ ಹೇಳಿದ್ರಿ ಕಾಕಾ?"

"ನೀವು ನಾಳೆ ಮತ್ತ ಹುಡುಗೂರ ಮುಂದ ನಿಂದರಬೇಕು. ನಾ ಇಟ್ಟಂಗಿ ಮುಂದ ನಿಂದ್ರಾಂವ. ಇಟ್ಟಂಗಿ ನನಗೇನ ಅಂತಾವ್ರಿ?"

ಇಟ್ಟಂಗಿಗಳು ಏನೂ ಅನ್ನಲಿಲ್ಲ. ಅಂದವರು ಜನ. ಮೊದಲು ಹೆಸರು ಬಂತು. ಆಮೇಲೆ 'ಅಂವಾ ಕಟ್ಟಿದ ಗುಂಡಿ ಸಿಡೀತಾವ' ಎಂಬ ಮಾತು ಬಂತು. ಅಕ್ಕೋಳದಲ್ಲಿ ಒಪ್ಪಿಕೊಂಡಿದ್ದ ಕೆಲಸ ಬೇರೆಯವರಿಗೆ ಹೋಯಿತು. ಪಂಚಾಯಿತಿಯಿಂದ ಕರೆ ನಿಂತಿತು. ಗಾಳಿ ಪೈಪನ್ನು ಕತ್ತರಿಸಿ ಮುಚ್ಚಿದವರು ನಾವು ಎಂದು ಯಾರಿಗೂ ಗೊತ್ತಿರಲಿಲ್ಲ. ಕಾಕಾ ಅದನ್ನೂ ಹೇಳಿರಲಿಲ್ಲ. ಎರಡು ವರ್ಷದಲ್ಲಿ ಅವರು ದನದ ಗೋದಲಿ ಕಟ್ಟುವ, ಗೋಡೆಗೆ ಗಿಲಾವು ಮಾಡುವ ಕೂಲಿಗೆ ಇಳಿದರು. ಸೆಟೆದ ಬೆರಳುಗಳಲ್ಲಿ ಕರಣಿ ನಿಲ್ಲುತ್ತಿರಲಿಲ್ಲ, ಎಡಗೈ ಕಲಿತರು.

ದಾರಿಯಲ್ಲಿ ಸಿಕ್ಕಾಗ ಮೊದಲಿನಂತೆಯೇ ಮಾತಾಡಿಸುತ್ತಿದ್ದರು. "ಏನ್ರಿ ಅಕ್ಕೋರ, ಗಡಿಯಾರದಾಂವನ ಸುದ್ದಿ ಏನರ ಸಿಕ್ತೇನು?" ನಾನು ನಗುತ್ತಿದ್ದೆ. ಪ್ರತಿ ಸಲವೂ ಈ ಸಲ ಹೇಳುತ್ತೇನೆ, ಊರಿಗೆ ಹೇಳುತ್ತೇನೆ ಎಂದುಕೊಂಡೇ ಮನೆಗೆ ಬರುತ್ತಿದ್ದೆ. ತರಗತಿಯಲ್ಲಿ ಮಾತ್ರ ಹೇಳುತ್ತಿದ್ದೆ: ಸಂಡಾಸಿನ ಗುಂಡಿಯ ಹತ್ತಿರ ಬೆಂಕಿ ಒಯ್ಯಬಾರದು, ಒಳಗೆ ಯಾರೂ ಇಳಿಯಬಾರದು, ಯಂತ್ರ ಬರುವವರೆಗೆ ಕಾಯಬೇಕು. ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ನಮಗ ಗೊತ್ತೈತ್ರಿ, ಕಂದೀಲ ಗೌಂಡಿ ಮಾಡಿದಂಗ ಮಾಡಬಾರ್ದು," ಎಂದಳು. ತರಗತಿ ನಕ್ಕಿತು. ನಾನು ಮುಂದಿನ ಪಾಠ ತೆಗೆದೆ.

ಮಾವ ತೀರಿಕೊಂಡರು. ಈಗ ಕಾಕಾನೂ ಹೋದರು.

ಮಣ್ಣಾಗಿ ಹದಿನೈದು ದಿನಕ್ಕೆ ಅವರ ಮನೆಗೆ ಹೋದೆ. ಅವರ ಹೆಂಡತಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಾನು ಅವರನ್ನು ಕಾಕು ಎನ್ನುತ್ತೇನೆ. ಎದುರು ಕೂತು ಎಲ್ಲವನ್ನೂ ಹೇಳಿದೆ. ಅಳುತ್ತ ಹೇಳಿದೆ. ಕಾಕು ಮೊರದಲ್ಲಿ ಕೇರುವುದನ್ನು ನಿಲ್ಲಿಸಲಿಲ್ಲ.

"ನನಗ ಗೊತ್ತೈತಿ," ಎಂದರು. "ನನಗ ಹೇಳದ ಇರ್ತಿದ್ರೇನು?"

"ತಪ್ಪಾತ್ರಿ ಕಾಕು."

"ತಪ್ಪಾತು. ಅದನ್ನ ನನ್ನ ಮುಂದ ಹೇಳಿದ್ರ ಏನ ಬಂತು? ಇಲ್ಲಿ ನಾವಿಬ್ರ ಅದೀವಿ. ಹೆಸರ ಇಟ್ಟಾವ್ರ ಮುಂದ ಹೇಳ್ರಿ." ಮೊರವನ್ನು ಕೆಳಗಿಟ್ಟರು. "ನಾನೂ ಬರ್ತೇನಿ."

ರಾಯಬಾಗದ ಬಸ್ ನಿಲ್ದಾಣದ ಎದುರು ಬೇವಿನ ಮರದ ಕಟ್ಟೆ ಇದೆ. ಬೆಳಿಗ್ಗೆ ಗೌಂಡಿಗಳು, ಕೂಲಿಯವರು ಅಲ್ಲಿ ಕೂತು ಕೆಲಸಕ್ಕೆ ಕರೆಯುವವರ ದಾರಿ ಕಾಯುತ್ತಾರೆ. ಸೋಮವಾರ ಶಾಲೆಗೆ ಮುಂಚೆ ಕಾಕುವಿನ ಜೊತೆ ಅಲ್ಲಿಗೆ ಹೋದೆ. ಕಾಕಾನ ಓರಗೆಯ ಹಿರಿಯ ಗೌಂಡಿಯೊಬ್ಬರು, ಕಟ್ಟೆಯವರೆಲ್ಲ ಅಣ್ಣಾ ಎನ್ನುವವರು, ಜಾಗ ಬಿಟ್ಟುಕೊಟ್ಟರು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಕಂದೀಲು ಇಳಿಸಿ ಎಂದವಳು ನಾನು. ಗಾಳಿ ಪೈಪು ಮುಚ್ಚಿದವರು ನಮ್ಮ ಮನೆಯವರು. ಅವರು ಓಡಿಬಂದು ನನ್ನ ಮೈದುನನನ್ನು ಉಳಿಸಿದರು.

 ಅಣ್ಣಾ ಕೈ ಮುಗಿದರು.

"ಭಾಳ ದೊಡ್ಡ ಮನಸ ನಿಮ್ದು ಅಕ್ಕೋರ. ಸತ್ತಾವ್ರ ಮ್ಯಾಲ ತಪ್ಪ ಇರಬಾರ್ದಂತ ನೀವ ಹೊತ್ಕೊಳ್ಳಾಕ ಬಂದೀರಿ. ಆದರ ಅಂವಾನ ಸ್ವಂತ ಬಾಯಿಲೇ ಹೇಳ್ಯಾನಲ್ರಿ ನಾನಂತ."

ಸುತ್ತಲಿನವರು ತಲೆಯಾಡಿಸಿದರು. ಒಬ್ಬ ನನಗೆ ಚಹಾ ತರಿಸಲು ಹೊರಟ. ನಾನು ಎಷ್ಟು ಹೇಳಿದರೂ ಅವರ ಕಣ್ಣಿನಲ್ಲಿ ನನ್ನ ಮೇಲಿನ ಗೌರವವೇ ಹೆಚ್ಚಾಗುತ್ತಿತ್ತು. ಕಾಕು ನನ್ನ ಕೈ ಹಿಡಿದು ಅಲ್ಲಿಂದ ಕರೆದುಕೊಂಡು ಬಂದರು.

ಆ ಸಂಜೆ ಮೈದುನನ ಮುಂದೆ ಕೂತೆ. ಅವನಿಗೆ ಈಗ ಎರಡು ಮಕ್ಕಳು.

"ಮುಗದ ಹೋದ ಮಾತ ಯಾಕ ಕೆದಕ್ತೀರಿ ವೈನಿ? ಅಪ್ಪನ ಹೆಸರೂ ಬರ್ತೈತಿ," ಎಂದ.

"ಬರ್ಲಿ. ನಂದೂ ಬರ್ತೈತಿ."

ಅವನು ಬಹಳ ಹೊತ್ತು ತನ್ನ ಪಾದಗಳನ್ನೇ ನೋಡುತ್ತ ಕೂತಿದ್ದ. ಬೆಳಿಗ್ಗೆ ನಾನು ಕರೆಯುವ ಮುಂಚೆಯೇ ಗಾಡಿ ಹೊರತೆಗೆದಿದ್ದ. ದಾರಿಯಲ್ಲಿ ಕಾಕುವನ್ನೂ ಕರೆದುಕೊಂಡೆವು.

ಕಟ್ಟೆಯ ಮುಂದೆ ಅವನು ನನ್ನ ಹಾಗೆ ಉದ್ದ ಮಾತಾಡಲಿಲ್ಲ. "ಕಂದೀಲ ನನ್ನ ಕೈಯಾಗ ಇತ್ತು," ಎಂದ. "ಹಗ್ಗ ಬಿಟ್ಟಾಂವ ನಾನು. ಅಪ್ಪ ಕೊಟ್ಟ, ವೈನಿ ಹೂಂ ಅಂದ್ರು, ನಾ ಇಳಿಸಿದೆ. ಕಾಕಾ ಕಡೀಕ ಬಂದಾವ್ರು. ನನ್ನ ಎತ್ತಿ ಒಗದ್ರು. ಇಲ್ಲಾಂದ್ರ ಇಲ್ಲಿ ನಿಂದರಾಕ ನನಗ ಕಾಲ ಇರ್ತಿದ್ದಿಲ್ಲ."

ಈ ಸಲ ಯಾರೂ ಕೈ ಮುಗಿಯಲಿಲ್ಲ. ಚಹಾದ ಮಾತು ಬರಲಿಲ್ಲ. ಕೆಲಸಕ್ಕೆ ಕರೆಯಲು ಬಂದ ಟೆಂಪೋ ಒಂದು ಹಾರ್ನ್ ಹೊಡೆಯಿತು, ಯಾರೂ ಏಳಲಿಲ್ಲ. ಅಣ್ಣಾ ನನ್ನ ಕಡೆ ನೋಡಿದರು. ನಿನ್ನೆಯ ಗೌರವ ಆ ಕಣ್ಣುಗಳಲ್ಲಿ ಇರಲಿಲ್ಲ. ನನಗೆ ಉಸಿರು ಹಗುರಾಯಿತು.

"ಏಳ ವರ್ಷ. ಯಾಕ ಹೇಳಲಿಲ್ರಿ ಅಕ್ಕೋರ?"

"ನಾಚಿಕಿ ಬಂತ್ರಿ."

"ಮತ್ತ ಅವಗ? ನಾವು ದಿನಾ ಚ್ಯಾಷ್ಟಿ ಮಾಡಿದ್ವಿ. ನಕ್ಕೊಂತ ಹೋಗ್ತಿದ್ದ. ಅವಗ ಬರ್ಲಿಲ್ಲೇನ ನಾಚಿಕಿ?"

ಅಷ್ಟು ಹೊತ್ತು ಹಿಂದೆ ನಿಂತಿದ್ದ ಕಾಕು ಮುಂದೆ ಬಂದರು.

"ಬರ್ತಿತ್ತು," ಎಂದರು. "ಕಡೀ ಎರಡ ವರ್ಷ ಈ ಕಟ್ಟಿ ಮುಂದ ಹಾದ ಹೋಗೂದ ಬಿಟ್ಟಿದ್ರು. ಕೆರಿ ದಂಡಿ ಮ್ಯಾಲೆ ಸುತ್ತ ಹಾಕಿ ಮುಂದಿನ ಸ್ಟಾಪಿನ್ಯಾಗ ಬಸ್ ಹತ್ತತಿದ್ರು. ದೂರ ಆಗ್ತೈತಿ, ದಿನಾ ಅರ್ಧಾ ತಾಸ ಮುಂಚೆ ರೊಟ್ಟಿ ಕಟ್ಟಿ ಕೊಡ್ತಿದ್ದೆ."